23ನೇ ಸ್ಕ್ವಾಡ್ರನ್ ‘ಪ್ಯಾಂಥರ್ಸ್’: ವ್ಯಾಂಪೈರ್, ನ್ಯಾಟ್, ಮಿಗ್ – ವಿಮಾನ ಹಿಡಿದು ಇತಿಹಾಸ

ಹಳೇಹ್ಯಾಂಗರ್

2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21ಕ್ಕೆ ವಿದಾಯ ಹೇಳಿದ ಮೇಲೆ 23ನೇ ಸ್ಕ್ವಾಡ್ರನ್ ಹೆಸರು ಎಲ್ಲರ ಬಾಯಲ್ಲೂ ಬಂತು. ಆದರೆ ಬಂದದ್ದು ‘ಕೊನೆಯ ಮಿಗ್ ಸ್ಕ್ವಾಡ್ರನ್’ ಅಂತ ಮಾತ್ರ. ಅದು ಅರ್ಧ ಮಾತು. ನಮ್ಮ ವಾಯುಪಡೆಯಲ್ಲಿ ನ್ಯಾಟ್ ಅನ್ನುವ ಪುಟ್ಟ ಯುದ್ಧ ಜೆಟ್ ಮೊಟ್ಟಮೊದಲು ಸೇರಿದ್ದೂ ಇದೇ ಸ್ಕ್ವಾಡ್ರನ್ನಿಗೆ. ಒಂದು ವಿಮಾನವನ್ನು ಮೊದಲು ಬರಮಾಡಿಕೊಂಡು, ಇನ್ನೊಂದನ್ನು ಕೊನೆಗೆ ಬೀಳ್ಕೊಟ್ಟ ತುಕಡಿ ಇದು. ಇದರ ಇತಿಹಾಸವನ್ನು ಪದಕಗಳ ಪಟ್ಟಿಯಾಗಿ ಓದಿದರೆ ಏನೂ ಅರ್ಥವಾಗುವುದಿಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಆಯಾ ಕಾಲದಲ್ಲಿ ಕೈಯಲ್ಲಿದ್ದ ವಿಮಾನ ಏನು ಮಾಡಬಲ್ಲದಾಗಿತ್ತು, ಎಲ್ಲಿ ಕೈಕೊಡುತ್ತಿತ್ತು ಅನ್ನುವುದರಿಂದ ಶುರು ಮಾಡಬೇಕು.

ಹಂದರ ಹೀಗಿದೆ. 1956ರಲ್ಲಿ ಪಂಜಾಬಿನ ಹಲ್ವಾರಾದಲ್ಲಿ ಹುಟ್ಟು, ಕೈಗೆ ವ್ಯಾಂಪೈರ್ ಅನ್ನುವ ಹಳೇ ಜೆಟ್. 1960ರ ಮಾರ್ಚ್ 18ರಂದು ವ್ಯಾಂಪೈರ್ ಬಿಟ್ಟು ನ್ಯಾಟ್‌ಗೆ ಬದಲು. ಆ ದಿನ ಕೈಗೆ ಬಂದದ್ದು ಬರೀ ಆರು ವಿಮಾನ, ಆರೂ ಇಂಗ್ಲೆಂಡಿನ ಫೋಲ್ಯಾಂಡ್ ಕಂಪನಿಯಲ್ಲಿ ಕಟ್ಟಿದವು. 1970ರ ದಶಕದ ಕೊನೆಯ ಹೊತ್ತಿಗೆ ಮಿಗ್-21 ಬಿಸ್, ಆಮೇಲೆ ಅದನ್ನೇ ತಿದ್ದಿ ತೀಡಿದ ಬೈಸನ್.

ಬೆಂಗಳೂರಿನವರು ಗಮನಿಸಬೇಕಾದ ಸಂಗತಿಯೊಂದಿದೆ. ನಮ್ಮ ವಾಯುಪಡೆಯ ವ್ಯಾಂಪೈರ್‌ಗಳನ್ನು ಎಚ್‌ಎಎಲ್ ಪರವಾನಗಿ ಪಡೆದು ಇಲ್ಲೇ ಕಟ್ಟುತ್ತಿತ್ತು. ನ್ಯಾಟ್‌ಗೂ ಹಾಗೇ: 1956ರಲ್ಲಿ ಪರವಾನಗಿ ಒಪ್ಪಂದ, 1962ರ ಮೇ ತಿಂಗಳಲ್ಲಿ ಇಲ್ಲಿಯೇ ತಯಾರಾದ ಭಾಗಗಳಿಂದ ಕಟ್ಟಿದ ಮೊದಲ ನ್ಯಾಟ್ ಹಾರಿತು, ಕೊನೆಯದು ಕಾರ್ಖಾನೆಯಿಂದ ಹೊರಬಿದ್ದದ್ದು 1974ರ ಜನವರಿ 31ಕ್ಕೆ. ಅದರ ಆರ್ಫಿಯಸ್ ಎಂಜಿನ್ನೂ ಬೆಂಗಳೂರಿನದೇ. ಎಚ್‌ಎಎಲ್ ಗೇಟಿನಿಂದ ಹೊರಟ ಯಂತ್ರಗಳನ್ನು ನಂಬಿಕೊಂಡೇ ನ್ಯಾಟ್ ಸ್ಕ್ವಾಡ್ರನ್‌ಗಳು ಬೆಳೆದವು.

ನ್ಯಾಟ್ ಬಗ್ಗೆ ರಂಗಣ್ಣನವರು ಶುರು ಮಾಡಲಿ. ಗನ್ ವಿಷಯ ಧಾರವಾಡದವರಿಗೇ ಬಿಟ್ಟದ್ದು.

ರಿವೆಟ್‌ರಂಗ

ಹ್ಯಾಂಗರ್ ಸರ್, ಒಳ್ಳೇ ಕೆಲಸ ಮಾಡಿದಿರಿ. ನ್ಯಾಟ್‌ನ ಅಳತೆ ಗೊತ್ತಾದರೆ ಉಳಿದದ್ದು ತಾನಾಗಿ ಬಿಚ್ಚಿಕೊಳ್ಳುತ್ತೆ.

ರೆಕ್ಕೆಯ ತುದಿಯಿಂದ ತುದಿಗೆ 6.73 ಮೀಟರ್, ಅಂದರೆ 22 ಅಡಿ ಮೇಲೆ ಒಂದು ಅಂಗುಲ. ಮೂಗಿಂದ ಬಾಲದ ತನಕ ಒಂಬತ್ತು ಮೀಟರಿಗೂ ಕಮ್ಮಿ. ಖಾಲಿ ತೂಕ ಸುಮಾರು 2,175 ಕೆಜಿ. ಹೊರಗಿನ ಟ್ಯಾಂಕು, ಬಾಂಬು ಏನೂ ಇಲ್ಲದೆ ಕಾದಾಟಕ್ಕೆ ಹೊರಟಾಗ ಮೂರು ಟನ್ ಆಸುಪಾಸು. ಆರ್ಫಿಯಸ್ 701 ಎಂಜಿನ್ನಿನ ನೂಕುಬಲ ಸುಮಾರು 4,700 ಪೌಂಡ್.

ಎದುರಾಳಿ ಪಾಕಿಸ್ತಾನದ ಸೇಬರ್ ಎಫ್-86ಎಫ್: ನೂಕುಬಲ 5,910 ಪೌಂಡ್, ತುಂಬಿದ ತೂಕ 15,000 ಪೌಂಡ್‌ಗೂ ಹೆಚ್ಚು. ಭಾಗಿಸಿ ನೋಡಿ. ನ್ಯಾಟ್‌ಗೆ ತೂಕದ ಪ್ರತಿ ಪೌಂಡಿಗೆ ಸುಮಾರು 0.7 ಪೌಂಡ್ ನೂಕು, ಸೇಬರ್‌ಗೆ 0.4ರ ಒಳಗೆ. ಏರುವುದರಲ್ಲಿ, ತಿರುವಿನಲ್ಲಿ ಕಳಕೊಂಡ ವೇಗವನ್ನು ಮತ್ತೆ ಗಳಿಸುವುದರಲ್ಲಿ ಸೇಬರ್ ಸಮಕ್ಕೆ ನಿಲ್ಲಲಾರದು. ಸೇಬರ್‌ಗೆ ಅನುಕೂಲ ಇದ್ದದ್ದು ಕಡಿಮೆ ವೇಗದ ಬಿಗಿ ತಿರುವಿನಲ್ಲಿ, ಮತ್ತೆ ಕೆಲವು ವಿಮಾನಗಳಲ್ಲಿ ಜೋಡಿಸಿದ್ದ ಸೈಡ್‌ವೈಂಡರ್ ಕ್ಷಿಪಣಿಯಲ್ಲಿ. ಹಾಗಾಗಿ ನ್ಯಾಟ್ ಪೈಲಟ್‌ನ ಮೊದಲ ಪಾಠ ವೇಗ ಬಿಟ್ಟುಕೊಡಬಾರದು, ಲಂಬವಾಗಿ ಮೇಲೆ ಕೆಳಗೆ ಆಡಬೇಕು, ಸೇಬರ್ ಎಳೆಯುವ ಚಪ್ಪಟೆ ಸುತ್ತಾಟಕ್ಕೆ ಸಿಕ್ಕಿಬೀಳಬಾರದು ಅಂತ.

ಇನ್ನೊಂದು ಲಾಭ ಯಾವ ಅಂಕಿಪಟ್ಟಿಯಲ್ಲೂ ಸಿಗಲ್ಲ, ಅದು ಕಣ್ಣಿಗೆ ಬೀಳದಿರುವುದು. ಎದುರಿಂದ ನೋಡಿದರೆ ನ್ಯಾಟ್ ಒಂದು ಚುಕ್ಕಿ. ಬರಿಗಣ್ಣಲ್ಲಿ ಹುಡುಕಿ ಹೊಡೆಯುವ ಕಾಲದಲ್ಲಿ ಮೊದಲು ನೋಡಿದವನೇ ಅರ್ಧ ಗೆದ್ದ ಹಾಗೆ.

ವಿನ್ಯಾಸ ಮಾಡಿದ ಪೆಟ್ಟರ್ ಒಂದೇ ಭಾಗಕ್ಕೆ ಎರಡು ಕೆಲಸ ಹಚ್ಚಿ ತೂಕ ಉಳಿಸಿದ. ಚಕ್ರಗಳ ಮುಚ್ಚಳಗಳೇ ಏರ್‌ಬ್ರೇಕ್: ಚಕ್ರವನ್ನು ಪೂರ್ತಿ ಇಳಿಸದೆ ಅರ್ಧಕ್ಕೆ ಚಾಚಿದರೆ ಮುಚ್ಚಳ ಗಾಳಿಗೆ ಅಡ್ಡ ನಿಂತು ವೇಗ ತಗ್ಗಿಸುತ್ತೆ. ಚಕ್ರಗಳು ಮಡಚಿಕೊಳ್ಳುವುದು ರೆಕ್ಕೆಯೊಳಕ್ಕಲ್ಲ, ಒಡಲೊಳಕ್ಕೆ. ಅದರಿಂದ ರೆಕ್ಕೆ ತೆಳ್ಳಗೆ ಉಳಿಯಿತು. ವಿಮಾನವೂ ನೆಲಕ್ಕೆ ಎಷ್ಟು ತಗ್ಗಾಗಿ ನಿಲ್ಲುತ್ತೆ ಅಂದರೆ ಬಹುಪಾಲು ರಿಪೇರಿಗೆ ಏಣಿ ಬೇಕಿಲ್ಲ.

ಆದರೆ ಇಷ್ಟು ಸಣ್ಣ ಒಡಲಲ್ಲಿ ಎಂಜಿನ್, ಇಂಧನ, ಎರಡು 30 ಮಿ.ಮೀ. ಗನ್, ಹೈಡ್ರಾಲಿಕ್ ಎಲ್ಲವನ್ನೂ ತುರುಕಿದಾಗ ಯಾವುದಕ್ಕೂ ಕೈಯಾಡಲು ಜಾಗ ಉಳಿಯಲಿಲ್ಲ. ನ್ಯಾಟ್‌ನ ಬಹಳಷ್ಟು ಕಾಯಿಲೆಗಳ ಬೇರು ಅಲ್ಲಿದೆ.

ಕೊಡಗಿನ_ಕೋವಿ

ರಂಗಣ್ಣ, ನ್ಯಾಟ್‌ನ ಗನ್ ಜಾಮ್ ಆಗ್ತಿತ್ತು ಅಂತ 1965ರ ಪಾಕಿಸ್ತಾನ ಯುದ್ಧದ ಬಗ್ಗೆ ಬರೆದವರೆಲ್ಲ ಹೇಳ್ತಾರೆ. ಅದೇ 30 ಮಿ.ಮೀ. ಏಡನ್ ಗನ್ ನಮ್ಮ ಹಂಟರ್ ವಿಮಾನದಲ್ಲೂ ಇತ್ತಲ್ಲ, ನಾಲ್ಕು ನಾಲ್ಕು. ಅಲ್ಲಿ ಇಷ್ಟು ದೂರು ಕೇಳಿಬರಲ್ಲ. ಹಾಗಾದ್ರೆ ತಪ್ಪು ಗನ್ನಿನದಾ, ವಿಮಾನದ್ದಾ?

ಧಾರವಾಡದ_ಗಾಳಿ

ಕೋವಿಯವರ, ಪ್ರಶ್ನೆ ಸರಿಯಾಗಿ ಕೇಳೀರಿ. ಗನ್ ಭಾಳ ಛಲೋ ಗನ್ ಐತಿ. ತೊಂದ್ರಿ ಇದ್ದದ್ದು ಗನ್ನಿಗೆ ಕಾಡತೂಸು ಬಂದು ಮುಟ್ಟೋ ದಾರಿಯೊಳಗ.

ಏಡನ್ ಹೆಂಗ ಕೆಲಸ ಮಾಡತೈತಿ ನೋಡ್ರಿ. ರಿವಾಲ್ವರಿನಂಗ ಐದು ಕೋಣಿಯ ಒಂದು ಡ್ರಮ್ ಇರತೈತಿ. ಒಂದು ಕೋಣಿ ಬ್ಯಾರಲ್ ಹಿಂದ ಬಂದು ನಿಂತಾಗ ಕರೆಂಟ್ ಕೊಟ್ಟು ಗುಂಡು ಹಾರಸ್ತಾರ. ಹಾರಿದ ಗುಂಡಿನ ಗ್ಯಾಸಿನೊಳಗ ಒಂಚೂರು ಹಿಂದಕ್ಕ ತಿರುಗಿ ಒಂದು ಸ್ಲೈಡ್ ದಬ್ಬತೈತಿ, ಆ ಸ್ಲೈಡ್ ಡ್ರಮ್ ತಿರುಗಸತೈತಿ, ಬೆಲ್ಟಿನಿಂದ ಮುಂದಿನ ಕಾಡತೂಸು ಒಳಗ ಎಳಕೋತೈತಿ. ಅಂದ್ರ ಪ್ರತಿ ಗುಂಡು ಮುಂದಿನ ಗುಂಡಿಗೆ ದಾರಿ ಮಾಡಬೇಕು. ಒಂದು ಹಾರಲಿಲ್ಲಂದ್ರ, ಇಲ್ಲಾ ಒಂದು ಅಡ್ಡ ಸಿಕ್ಕಿತಂದ್ರ, ಅಲ್ಲಿಗೆ ಗನ್ ನಿಂತs ಬಿಡತೈತಿ.

ವೇಗ ನಿಮಿಷಕ್ಕ 1,200ರಿಂದ 1,400 ಗುಂಡು. ನ್ಯಾಟಿನೊಳಗ ಗನ್ನಿಗೆ 115 ಕಾಡತೂಸು. ಲೆಕ್ಕ ಹಾಕ್ರಿ, ಐದಾರು ಸೆಕೆಂಡಿನೊಳಗ ಎಲ್ಲಾ ಖಾಲಿ. ಸೇಬರಿನ ಆರು ಅರ್ಧ ಇಂಚಿನ ಮಷಿನ್ ಗನ್ನು ಹದಿನೈದು ಸೆಕೆಂಡಿನಂಗ ಉಗುಳತಾವ. ಆದ್ರ ಸೇಬರಿನ ಒಂದು ಗುಂಡು ಸುಮಾರು 45 ಗ್ರಾಂ, ಏಡನಿಂದು ಕಾಲು ಕೆಜಿಗೆ ಹತ್ತರ, ಒಳಗ ಸ್ಫೋಟಕ ಬ್ಯಾರೆ. ನಾಕೈದು ತಗುಲಿದ್ರ ಸಾಕು.

ಈಗ ಆ ಬೆಲ್ಟು ನೋಡ್ರಿ. ಒಂದು ಕಾಡತೂಸು ಸುಮಾರು ಅರ್ಧ ಕೆಜಿ. 115 ಅಂದ್ರ ಐವತ್ತು ಕೆಜಿ ಮ್ಯಾಲೆ. ಪೈಲಟ್ ಐದು ಜಿ ಎಳದ್ನಂದ್ರ, ಅಂದ್ರ ಬಿಗಿ ತಿರುವಿನ್ಯಾಗ ತೂಕ ಐದು ಪಟ್ಟು ಆತಂದ್ರ, ಅದs ಬೆಲ್ಟು ಇನ್ನೂರೈವತ್ತು ಕೆಜಿ ದಾಟಿದಂಗ ಜಗ್ಗತೈತಿ. ನ್ಯಾಟಿನ ಗನ್ ಇರೋದು ಎಂಜಿನ್ನಿಗೆ ಗಾಳಿ ಹೋಗೋ ಬಾಯಿಯ ತುಟಿ ಒಳಗ, ಬಲಕ್ಕೊಂದು ಎಡಕ್ಕೊಂದು. ಆ ಇಕ್ಕಟ್ಟಿನೊಳಗ ಬೆಲ್ಟು ಬಾಗಿ, ತಿರುಗಿ ಬರಬೇಕು. ಹಂಟರಿನೊಳಗ ನಾಕೂ ಗನ್ನು, ಅದರ ಪೆಟ್ಟಿಗಿ ಸಮೇತ ಕಾಕ್‌ಪಿಟ್ ಕೆಳಗ ಒಂದs ಪ್ಯಾಕ್. ಹಗ್ಗ ಹಾಕಿ ಇಳಿಸಿ ತುಂಬಿದ ಪ್ಯಾಕ್ ಏರಿಸಿದ್ರ ಮುಗೀತು. ಅಷ್ಟು ಜಾಗ ನ್ಯಾಟಿಗೆ ಎಲ್ಲಿಂದ ಬರಬೇಕ್ರಿ.

ಹಂಗಾಗಿ ಶಸ್ತ್ರದ ಸಿಬ್ಬಂದಿ ಕೆಲಸದ ಮ್ಯಾಲೆ ಎಲ್ಲಾ ನಿಂತಿತ್ತು. ಬೆಲ್ಟು ಪೆಟ್ಟಿಗ್ಯಾಗ ಇಡೂಮುಂದ ಒಂದೊಂದು ಲಿಂಕಿನ್ಯಾಗ ಕಾಡತೂಸು ಒಂದs ಆಳಕ್ಕ ಕುಂತೈತೇನ ಅಂತ ಬೆರಳಾಡಿಸಿ ನೋಡಬೇಕು. ಒಂದು ಮುಂದ ಸರದಿದ್ರೂ ತಿರುವಿನ್ಯಾಗ ಮೂತಿ ಉಜ್ಜಿ ಸಿಗತೈತಿ. ಸೊಟ್ಟಾದ ಲಿಂಕು ಕಂಡ್ರ ತಿದ್ದೂದಲ್ಲ, ಒಗೀಬೇಕು. ಮಡಿಕಿ ಒಂದರ ಮ್ಯಾಲೊಂದು ಸರಿಯಾಗಿ ಕುಂದರಬೇಕು, ಇಲ್ಲಂದ್ರ ಜಿ ಬಿದ್ದಾಗ ಮ್ಯಾಲಿನ ಮಡಿಕಿ ಕೆಳಗಿಂದಕ್ಕ ಕೊಂಡಿ ಹಾಕ್ಕೋತೈತಿ. ಮತ್ತ ನೆಲದ ಮ್ಯಾಲೆ, ಗುರಿ ಬಯಲಿನ್ಯಾಗ ಹಗುರಕ ಇಳದು ಹೊಡದಾಗ ಈ ತ್ರಾಸು ಕಾಣಂಗಿಲ್ಲ. ತಿರುಗಿಸಿ ತಿರುಗಿಸಿ ಕಾದಾಡೂಮುಂದ ಕಾಣತೈತಿ. ಯುದ್ಧ ಶುರು ಆಗೋತನಕ ಈ ರೋಗದ ಪೂರ್ತಿ ಆಳ ಗೊತ್ತಾಗದs ಇದ್ದದ್ದು ಇದಕ್ಕ.

ನಕ್ಷೆಗಾರ್ತಿ

ಗನ್ ವಿವರಣೆಗೆ ಧನ್ಯವಾದ, ಧಾರವಾಡದವರೇ. ಈಗ 1965ರ ಸೆಪ್ಟೆಂಬರ್ ಮೊದಲ ವಾರವನ್ನು ಗಂಟೆಗಳ ಲೆಕ್ಕದಲ್ಲಿ ನೋಡೋಣ. 23ನೇ ಸ್ಕ್ವಾಡ್ರನ್ ಹೆಸರು ಮಾಡಿದ್ದೇ ಆ ವಾರ.

ಸೆಪ್ಟೆಂಬರ್ 1ರ ಸಂಜೆ ಜಮ್ಮು ಗಡಿಯ ಛಂಬ್‌ನಲ್ಲಿ ಪಾಕ್ ಟ್ಯಾಂಕ್‌ಗಳನ್ನು ತಡೆಯಲು ಪಠಾಣ್‌ಕೋಟ್‌ನಿಂದ ಹೋದ ವ್ಯಾಂಪೈರ್‌ಗಳಲ್ಲಿ ನಾಲ್ಕು ಬಿದ್ದವು. ಅವು 45ನೇ ಸ್ಕ್ವಾಡ್ರನ್ನಿನವು. ಪ್ಯಾಂಥರ್ಸ್ ಐದು ವರ್ಷ ಹಿಂದೆಯೇ ಕೈಬಿಟ್ಟಿದ್ದ ವಿಮಾನ ಅದು. ಮರದ ಹಲಗೆಯ ಒಡಲು. ಸೇಬರ್ ಎದುರಿಗೆ ಓಡಲೂ ಆಗದು, ತಿರುಗಿ ನಿಲ್ಲಲೂ ಆಗದು. ಆ ನಷ್ಟದ ಬೆನ್ನಲ್ಲೇ ಅಂಬಾಲಾದಲ್ಲಿದ್ದ 23ನೇ ಸ್ಕ್ವಾಡ್ರನ್ನಿನ ನ್ಯಾಟ್‌ಗಳನ್ನು ಪಠಾಣ್‌ಕೋಟ್‌ಗೆ ತರಿಸಿದರು. ಸ್ಕ್ವಾಡ್ರನ್ನಿನ ಮುಖ್ಯಸ್ಥರು ವಿಂಗ್ ಕಮಾಂಡರ್ ಎಸ್. ರಾಘವೇಂದ್ರನ್, ಪಠಾಣ್‌ಕೋಟ್‌ನ ತುಕಡಿಗೆ ಮುಂದಾಳು ಸ್ಕ್ವಾಡ್ರನ್ ಲೀಡರ್ ಜಾನಿ ಗ್ರೀನ್.

3ನೇ ತಾರೀಖಿನ ಬೆಳಗ್ಗೆ ಹೂಡಿದ ಆಟ ಇದು. ನಮ್ಮ ನಾಲ್ಕು ಮಿಸ್ಟೇರ್ ಯುದ್ಧವಿಮಾನಗಳು ಪಾಕ್ ರಾಡಾರ್‌ಗೆ ಕಾಣುವಷ್ಟು ಎತ್ತರದಲ್ಲಿ ಛಂಬ್ ಕಡೆ ಹೋಗಬೇಕು. ಅದು ಗಾಳಕ್ಕೆ ಕಟ್ಟಿದ ಹುಳು. ನಾಲ್ಕು ನಾಲ್ಕರ ಎರಡು ತಂಡದಲ್ಲಿ ಎಂಟು ನ್ಯಾಟ್‌ಗಳು ಹಿಂದೆಯೇ, ಆದರೆ ನೆಲಕ್ಕೆ ಅಂಟಿಕೊಂಡ ಹಾಗೆ, ರಾಡಾರ್ ಗೆರೆಯ ಕೆಳಗೆ. ಸೇಬರ್‌ಗಳು ಮಿಸ್ಟೇರ್‌ಗಳನ್ನು ಬೇಟೆಯಾಡಲು ಎದ್ದ ಸುದ್ದಿ ಅಮೃತಸರದ ರಾಡಾರ್‌ನಿಂದ ಬಂದ ಕೂಡಲೇ ಮಿಸ್ಟೇರ್‌ಗಳು ಕೆಳಗಿಳಿದು ಮನೆಗೆ, ನ್ಯಾಟ್‌ಗಳು ಕಡಿದಾಗಿ ಮೇಲಕ್ಕೆ. ಎರಡೂ ಗುಂಪು ಒಂದನ್ನೊಂದು ದಾಟುವ ಹೊತ್ತಿಗೆ ರಾಡಾರ್ ಪರದೆಯ ಮೇಲೆ ನಾಲ್ಕು ಚುಕ್ಕಿಯ ಜಾಗದಲ್ಲಿ ಇದ್ದಕ್ಕಿದ್ದಂತೆ ಎಂಟು.

ಈ ಯೋಜನೆ ನ್ಯಾಟ್ ಇಲ್ಲದೆ ಸಾಧ್ಯವೇ ಇರಲಿಲ್ಲ. ರಂಗಣ್ಣನವರು ಕೊಟ್ಟ ಅನುಪಾತ ನೆನಪಿಸಿಕೊಳ್ಳಿ: ನೆಲಮಟ್ಟದಿಂದ ಕಾದಾಟದ ಎತ್ತರಕ್ಕೆ ಕೆಲವೇ ನಿಮಿಷದಲ್ಲಿ ಏರಿ, ಏರಿದ ಮೇಲೂ ಕೈಯಲ್ಲಿ ವೇಗ ಉಳಿಯಬೇಕಿತ್ತು. ಆ ದಿನ ಆಕಾಶದಲ್ಲಿ ಸೇಬರ್ ಜೊತೆಗೆ ಪಾಕಿಸ್ತಾನದ ಎಫ್-104 ಸ್ಟಾರ್‌ಫೈಟರ್ ಕೂಡ ಇತ್ತು. ಸ್ಕ್ವಾಡ್ರನ್ ಲೀಡರ್ ಟ್ರೆವರ್ ಕೀಲರ್ ಒಂದು ಸೇಬರಿನ ಹಿಂದೆ ಬಿದ್ದು ಹೊಡೆದರು. 1965ರ ಯುದ್ಧದಲ್ಲಿ ಭಾರತ ದಾಖಲಿಸಿದ ಮೊದಲ ವೈಮಾನಿಕ ಜಯ ಅದು, ವೀರ ಚಕ್ರವೂ ಬಂತು. ಮರುದಿನ, 4ರಂದು, ಫ್ಲೈಟ್ ಲೆಫ್ಟಿನೆಂಟ್ ವಿ.ಎಸ್. ಪಠಾನಿಯಾ ಇನ್ನೊಂದನ್ನು ಕೆಡವಿದರು. 18ರಂದು ಅಮೃತಸರದ ಮೇಲೆ ಸ್ಕ್ವಾಡ್ರನ್ ಲೀಡರ್ ಎ.ಜೆ.ಎಸ್. ಸಂಧು. ಮೂವರೂ 23ನೇ ಸ್ಕ್ವಾಡ್ರನ್ನಿನವರು, ಮೂವರಿಗೂ ವೀರ ಚಕ್ರ.

ಹಳೇಹ್ಯಾಂಗರ್

ಮೇಡಂ ಬರೆದದ್ದಕ್ಕೆ ಒಂದು ಟಿಪ್ಪಣಿ ಸೇರಿಸಲೇಬೇಕು, ಇಲ್ಲದಿದ್ದರೆ ನಾಳೆ ಯಾರೋ ಬಂದು ಇಡೀ ಚರ್ಚೆಯನ್ನೇ ಸುಳ್ಳು ಅನ್ನುತ್ತಾರೆ.

ಕೀಲರ್ ಹೊಡೆದ ಸೇಬರ್ ಬೀಳಲಿಲ್ಲ ಅನ್ನುವುದು ಪಾಕಿಸ್ತಾನದ ದಾಖಲೆ. ಪೈಲಟ್ ಯೂಸುಫ್ ಅಲಿ ಖಾನ್ ಬಾಲಕ್ಕೆ ಪೆಟ್ಟು ತಿಂದ ವಿಮಾನವನ್ನು ಸರ್ಗೋಧಾಕ್ಕೆ ತಂದು ಇಳಿಸಿದರು. ಪಠಾನಿಯಾ ವಿಷಯದಲ್ಲಿ ಸೇಬರ್ ಕಳಕೊಂಡದ್ದನ್ನು ಅವರು ಒಪ್ಪುತ್ತಾರೆ, ಪೈಲಟ್ ಎನ್.ಎಂ. ಬಟ್ ಧುಮುಕಿ ಉಳಿದರು. ಆದರೆ ಕೆಡವಿದ್ದು ನೆಲದ ಗುಂಡು ಅನ್ನುತ್ತಾರೆ. ಇಡೀ ಯುದ್ಧದಲ್ಲಿ ನ್ಯಾಟ್‌ಗಳ ಹೆಸರಿಗೆ ಭಾರತದ ಲೆಕ್ಕ 7 ಸೇಬರ್, ಅಷ್ಟನ್ನು ಪಾಕಿಸ್ತಾನ ಒಪ್ಪಿಲ್ಲ.

ಇದರಲ್ಲಿ ಯಾರೂ ಬೇಕೆಂದು ಸುಳ್ಳು ಹೇಳಬೇಕಾಗಿಲ್ಲ. ಹೊಡೆದ ಪೈಲಟ್‌ಗೆ ಕಾಣುವುದು ರೆಕ್ಕೆಯಿಂದ ಕಿತ್ತುಹೋದ ತಗಡು, ಹೊಗೆ, ಮಗುಚಿ ಕೆಳಗೆ ಧುಮುಕಿದ ವಿಮಾನ. ಅದರ ಹಿಂದೆ ನೆಲದ ತನಕ ಹೋಗಿ ನೋಡುವಂತಿಲ್ಲ, ಬೆನ್ನಿಗೆ ಇನ್ನೊಬ್ಬ ಬಂದಿರುತ್ತಾನೆ. ಸೇಬರ್ ಗಟ್ಟಿ ಪಿಂಡ, ಏಟು ತಿಂದೂ ಹಾರುತ್ತಿತ್ತು. ನನ್ನ ಪ್ರಕಾರ ಕೀಲರ್ ಅವರ ಸಾಧನೆ ಇದರಿಂದ ಒಂದು ಗುಲಗಂಜಿಯಷ್ಟೂ ಕಡಿಮೆ ಆಗುವುದಿಲ್ಲ. ನಾಲ್ಕು ವ್ಯಾಂಪೈರ್ ಕಳಕೊಂಡ ನಲವತ್ತೆಂಟು ಗಂಟೆಯೊಳಗೆ ಸೇಬರನ್ನು ಓಡಿಸಬಹುದು ಅಂತ ಇಡೀ ವಾಯುಪಡೆಗೆ ತೋರಿಸಿಕೊಟ್ಟರು. ಆದರೆ ಸ್ಕ್ವಾಡ್ರನ್ ಇತಿಹಾಸ ಬರೆಯುವವರು ಎರಡೂ ಕಡೆಯ ಮಾತು ಬರೆಯಬೇಕು.

ಕೊಡಗಿನ_ಕೋವಿ

ಅದೇ 3ನೇ ತಾರೀಖು ಒಂದು ನ್ಯಾಟ್ ಪಾಕಿಸ್ತಾನದಲ್ಲೇ ಇಳಿದದ್ದು ಯಾಕೆ? ನಕ್ಷೆಗಾರ್ತಿ ಅಕ್ಕ, ಇದು ನಿಮ್ಮ ಕ್ಷೇತ್ರ.

ನಕ್ಷೆಗಾರ್ತಿ

ಸ್ಕ್ವಾಡ್ರನ್ ಲೀಡರ್ ಬ್ರಿಜ್ ಪಾಲ್ ಸಿಂಗ್ ಸಿಕಂದ್ ಅವರ ವಿಮಾನ, ಸಂಖ್ಯೆ ಐಇ1083. ಇಳಿದದ್ದು ಪಸ್ರೂರ್, ಬಳಕೆ ತಪ್ಪಿದ್ದ ಒಂದು ಓಡುದಾರಿ.

ಪಾಕಿಸ್ತಾನ ಹೇಳುವುದು, ಸ್ಟಾರ್‌ಫೈಟರ್ ಬೆದರಿಸಿ ಇಳಿಸಿತು ಅಂತ. ನಮ್ಮ ಕಡೆಯದು, ಕಾದಾಟದಲ್ಲಿ ತಂಡದಿಂದ ತಪ್ಪಿ, ವಿದ್ಯುತ್ ಮತ್ತು ರೇಡಿಯೊ ಕೈಕೊಟ್ಟು, ಇಂಧನ ಮುಗಿಯುತ್ತಾ ಬಂದಾಗ ಕಂಡ ಓಡುದಾರಿಯನ್ನು ನಮ್ಮದೇ ಅಂದುಕೊಂಡರು ಅಂತ. ನಕ್ಷೆ ಬಿಡಿಸಿ ನೋಡಿ: ಪಸ್ರೂರ್ ಇರುವುದು ಪಠಾಣ್‌ಕೋಟ್‌ನಿಂದ ಹೆಚ್ಚು ಕಡಿಮೆ ನೇರ ಪಶ್ಚಿಮಕ್ಕೆ, ಸುಮಾರು 90 ಕಿ.ಮೀ. ದೂರ. ಎರಡೂ ಒಂದೇ ಅಕ್ಷಾಂಶದ ಆಸುಪಾಸು. ನ್ಯಾಟ್ ವೇಗಕ್ಕೆ ಅದು ಏಳೆಂಟು ನಿಮಿಷ. ಆರೇಳು ಸುತ್ತು ಹೊಡೆದು ದಿಕ್ಕು ಕೆಟ್ಟಾಗ, ಕೆಳಗೆ ಕಾಣುವುದು ಎರಡೂ ಕಡೆ ಒಂದೇ ಪಂಜಾಬ್: ಅದೇ ಕಾಲುವೆ, ಅದೇ ಹೊಲ, ಅದೇ ರೈಲು ಹಳಿ. ದಿಕ್ಸೂಚಿ ಉಪಕರಣಕ್ಕೆ ಕರೆಂಟ್ ಇಲ್ಲದಿದ್ದರೆ ಉಳಿಯುವುದು ಸೂರ್ಯ ಮತ್ತು ಊಹೆ.

ಇಲ್ಲಿ ನ್ಯಾಟ್‌ನ ಇನ್ನೊಂದು ಮಿತಿ ಸೇರುತ್ತದೆ. ಒಡಲಲ್ಲಿ ಹಿಡಿಸುವ ಇಂಧನವೇ ಸ್ವಲ್ಪ, ಕಾದಾಟ ಶುರುವಾಗುವಾಗ ಹೊರ ಟ್ಯಾಂಕ್ ಬೀಳಿಸಿಬಿಡುತ್ತಾರೆ. ಪೂರ್ತಿ ಥ್ರಾಟಲ್‌ನಲ್ಲಿ ಕೆಲವು ನಿಮಿಷ ಕಳೆದರೆ, ದಾರಿ ತಪ್ಪಿ ಮತ್ತೆ ಹುಡುಕಿಕೊಂಡು ಬರುವಷ್ಟು ಉಳಿದಿರುವುದಿಲ್ಲ.

ಆ ವಿಮಾನವನ್ನು ಬ್ರಿಟನ್ನಿನಲ್ಲಿ ನ್ಯಾಟ್ ಹಾರಿಸಿ ಬಲ್ಲ ಪಾಕ್ ಪೈಲಟ್ ಸಾದ್ ಹತ್ಮಿ ಅಲ್ಲಿಂದ ಹಾರಿಸಿಕೊಂಡು ಹೋದರು. ಈಗ ಕರಾಚಿಯ ವಾಯುಪಡೆ ವಸ್ತುಸಂಗ್ರಹಾಲಯದಲ್ಲಿದೆ. ಸಿಕಂದ್ ಸೆರೆಯಿಂದ ಮರಳಿ ಬಂದು, 1971ರಲ್ಲಿ 22ನೇ ಸ್ಕ್ವಾಡ್ರನ್ನಿಗೇ ಮುಖ್ಯಸ್ಥರಾದರು, ಅದೂ ನ್ಯಾಟ್ ಸ್ಕ್ವಾಡ್ರನ್. ಈ ಎರಡನೇ ಭಾಗವನ್ನು ಹೇಳದೆ ಮೊದಲಿನದನ್ನು ಮಾತ್ರ ಹೇಳುವುದು ಅನ್ಯಾಯ.

ರಿವೆಟ್‌ರಂಗ

ಅಕ್ಕ ವಿದ್ಯುತ್ ವಿಷಯ ತೆಗೆದರು. ನಾನು ಬಾಲದ ವಿಷಯ ತೆಗೆಯುತ್ತೇನೆ, ನ್ಯಾಟ್‌ನಲ್ಲಿ ಪೈಲಟ್‌ಗಳು ಅತಿ ಎಚ್ಚರದಿಂದ ನೋಡಿಕೊಳ್ಳುತ್ತಿದ್ದ ಭಾಗ ಅದು.

ಶಬ್ದದ ವೇಗದ ಹತ್ತಿರ ಹೋದರೆ ಬಾಲದ ಹಿಂಬದಿಯ ಪಟ್ಟಿ, ಅಂದರೆ ಎಲಿವೇಟರ್, ನಿಷ್ಪ್ರಯೋಜಕವಾಗುತ್ತೆ. ಅದಕ್ಕೆ ನ್ಯಾಟ್‌ನಲ್ಲಿ ಇಡೀ ಅಡ್ಡಬಾಲವೇ ತಿರುಗುವ ಹಲಗೆ, ಹೈಡ್ರಾಲಿಕ್ ಮೋಟಾರಿನಿಂದ. ಎಲಿವೇಟರ್ ಆ ಹಲಗೆಗೇ ಬೀಗ ಹಾಕಿಕೊಂಡಿರುತ್ತೆ. ಹೈಡ್ರಾಲಿಕ್ ಕೈಕೊಟ್ಟರೆ ಹಲಗೆ ಇದ್ದಲ್ಲೇ ನಿಂತುಬಿಡುತ್ತೆ. ಆಗ ಬೀಗ ತೆಗೆದು, ಬರೀ ಎಲಿವೇಟರನ್ನು ತೋಳ್ಬಲದಿಂದ ಆಡಿಸಿ ಇಳಿಸಬೇಕು.

ಪ್ರಾಣ ಉಳಿಸುವುದು ಮಾಡುವ ಅನುಕ್ರಮ. ಮೊದಲು ವೇಗ ತಗ್ಗಿಸು. ಹೈಡ್ರಾಲಿಕ್ ಒತ್ತಡ ಕೂಡಿಡುವ ಅಕ್ಯುಮುಲೇಟರಿನಲ್ಲಿ ಇನ್ನೂ ಒತ್ತಡ ಉಳಿದಿರುವಾಗಲೇ ಟ್ರಿಮ್, ಅಂದರೆ ಬಾಲದ ನಿಲುವು ಹೊಂದಿಸುವ ಏರ್ಪಾಡು, ಬಳಸಿ ಹಲಗೆಯನ್ನು ಇಳಿಯಲು ಒಗ್ಗುವ ನಿಲುವಿಗೆ ತಾ. ಆಮೇಲೆ ಎಲಿವೇಟರ್ ಬೀಗ ತೆಗೆ. ಆಮೇಲೆ ಹೈಡ್ರಾಲಿಕ್ ಶಕ್ತಿ ಮುಚ್ಚು, ಉಳಿದ ಒತ್ತಡ ಖಾಲಿ ಮಾಡು. ಕೊನೆಗೆ ಸ್ಟಿಕ್ ಆಡಿಸಿ ಎಷ್ಟು ಹಿಡಿತ ಇದೆ ಅಂತ ಎತ್ತರದಲ್ಲೇ ಪರೀಕ್ಷಿಸು, ಓಡುದಾರಿಯ ಮುಂದೆ ಅಲ್ಲ.

ತಪ್ಪುವುದು ಎಲ್ಲಿ ಅಂದರೆ ಗಾಬರಿಯಲ್ಲಿ ಸ್ಟಿಕ್ ಜಾಸ್ತಿ ಆಡಿಸಿದರೆ. ಪ್ರತಿ ಆಟಕ್ಕೂ ಅಕ್ಯುಮುಲೇಟರಿನ ಒತ್ತಡ ಖರ್ಚು. ಟ್ರಿಮ್ ಮುಗಿಯುವ ಮೊದಲೇ ಅದು ಖಾಲಿಯಾದರೆ ಹಲಗೆ ವೇಗದ ಹಾರಾಟದ ನಿಲುವಿನಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. ಇಳಿಯುವ ವೇಗಕ್ಕೆ ಬಂದಾಗ ಸಣ್ಣ ಎಲಿವೇಟರೊಂದೇ ಮೂಗು ಎತ್ತಲಾರದು. ಚಕ್ರ ಇಳಿಸಿದಾಗ ಸಮತೋಲವೂ ಬದಲಾಗುತ್ತೆ. ಮಾಮೂಲಿ ಹಾರಾಟದಲ್ಲಿ ಅದನ್ನು ಸರಿದೂಗಿಸಲು ಬಾಲ ತಾನಾಗಿ ಸರಿಯುವ ಏರ್ಪಾಡಿದೆ. ಹೈಡ್ರಾಲಿಕ್ ಇಲ್ಲದಾಗ ಅದೂ ಇಲ್ಲ.

ಇಂಥ ಗುಣಗಳನ್ನೆಲ್ಲ ಸ್ಕ್ವಾಡ್ರನ್ನಿಗೆ ಕೊಡುವ ಮೊದಲು ಅರೆದು ನೋಡಲು ಕಾನ್ಪುರದಲ್ಲಿ ನ್ಯಾಟ್ ಹ್ಯಾಂಡ್ಲಿಂಗ್ ಫ್ಲೈಟ್ ಅಂತ ಒಂದು ತುಕಡಿ ಇತ್ತು, ಮುಂದಾಳು ಸುರಂಜನ್ ದಾಸ್. ನಮ್ಮ ಮೊದಲ ನ್ಯಾಟ್ 1958ರ ಜನವರಿಯಲ್ಲಿ ಸಿ-119 ಸಾಗಣೆ ವಿಮಾನದ ಹೊಟ್ಟೆಯೊಳಗೆ ಬಂತು, ಅಷ್ಟು ಪುಟ್ಟದು. ಬಂದದ್ದು 1958, ಸ್ಕ್ವಾಡ್ರನ್ನಿಗೆ ಸೇರಿದ್ದು 1960. ನಡುವಿನ ಎರಡು ವರ್ಷ ಈ ಕೆಲಸಕ್ಕೆ ಹೋಯಿತು. ಅದೇ ಸುರಂಜನ್ ದಾಸ್ 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಎಲ್‌ನದೇ ಯುದ್ಧ ಜೆಟ್ ಎಚ್‌ಎಫ್-24 ಮಾರುತವನ್ನು ಮೊದಲು ಹಾರಿಸಿದವರು. 1970ರ ಜನವರಿ 10ರಂದು ಮಾರುತದ ಪರೀಕ್ಷಾ ಹಾರಾಟದಲ್ಲೇ ತೀರಿಕೊಂಡರು. ಹಳೇ ಮದರಾಸು ರಸ್ತೆಯಿಂದ ಎಚ್‌ಎಎಲ್ ಕಡೆಗೆ ಹೋಗುವ ಸುರಂಜನ್ ದಾಸ್ ರಸ್ತೆ ಅವರ ಹೆಸರಿನದು. ದಿನಾ ಆ ಟ್ರಾಫಿಕ್ಕಿನಲ್ಲಿ ನಿಲ್ಲುವವರಿಗೆ ಇದು ಗೊತ್ತಿರಲಿ ಅಂತ ಆಸೆ.

ಧಾರವಾಡದ_ಗಾಳಿ

ರಂಗಣ್ಣಾರ, ಬಾಲ, ಗನ್ನು, ಇಂಧನ ಈ ಮೂರೂ ತ್ರಾಸು ಮುಂದ ನ್ಯಾಟನ್ನs ಸುಧಾರಿಸಿ ‘ಅಜೀತ್’ ಮಾಡೂಮುಂದ ಎಚ್‌ಎಎಲ್‌ನವರು ಒಂದೊಂದಾಗಿ ಹಿಡದ್ರು ಅನ್ನೋದೂ ಸೇರಸ್ರಿ. ಮೊದಲ ಮಾದರಿ 1975ರ ಮಾರ್ಚ್ 5ಕ್ಕ ಹಾರಿತು. ರೆಕ್ಕಿ ಒಳಗs ಇಂಧನ ತುಂಬಿದ್ರು, ಅದಕ್ಕ ಹೊರಗಿನ ಟ್ಯಾಂಕಿನ ಜಾಗ ಬಾಂಬು, ರಾಕೆಟ್ಟಿಗೆ ಬಿಡುವಾತು. ಬಾಲದ ಹೈಡ್ರಾಲಿಕ್ ಸುಧಾರಿಸಿದ್ರು. ಗನ್ನಿಗೆ 115 ಇದ್ದ ಕಾಡತೂಸು 90ಕ್ಕ ಇಳಿಸಿದ್ರು. 1965ರಾಗ ಪೆಟ್ಟು ತಿಂದು ಕಲ್ತದ್ದು ಕಾರ್ಖಾನಿಗೆ ಹೊಳ್ಳಿ ಬಂದದ್ದಕ್ಕ ಇದಕ್ಕಿಂತ ಛಲೋ ಪುರಾವೆ ಬ್ಯಾರೆ ಬೇಕಿಲ್ಲ. ಆದ್ರ ಪ್ಯಾಂಥರ್ಸ್ ಅಜೀತ್ ತಗೊಳ್ಳಲಿಲ್ಲ, ನ್ಯಾಟಿನಿಂದ ಸೀದಾ ಮಿಗ್ಗಿಗೆ ಹಾರಿದ್ರು.

ಹಳೇಹ್ಯಾಂಗರ್

ಮಿಗ್‌ಗೆ ಹೋಗುವ ಮೊದಲು ಒಂದು ತಿದ್ದುಪಡಿ. ಮಿಗ್ ವಿದಾಯದ ನಂತರ ವಾಟ್ಸ್ಯಾಪ್‌ನಲ್ಲಿ ಓಡಾಡಿದ ಒಂದು ಬರಹ ನ್ಯಾಟ್‌ನ ಎಲ್ಲ ಜಯವನ್ನೂ 23ರ ಖಾತೆಗೆ ಹಾಕಿದೆ. ತಪ್ಪು.

1971ರ ನವೆಂಬರ್ 22ರ ಬೋಯ್ರಾ ಕಾದಾಟ 22ನೇ ಸ್ಕ್ವಾಡ್ರನ್ನಿನದು. ಕೋಲ್ಕತ್ತದ ದಮ್ ದಮ್‌ನಿಂದ ಎದ್ದ ನಾಲ್ಕು ನ್ಯಾಟ್‌ಗಳಲ್ಲಿ ಇದ್ದವರು ಮ್ಯಾಸಿ, ಗಣಪತಿ, ಲಜಾರಸ್, ಸೋರೆಸ್. ಎರಡು ಸೇಬರ್ ಬಿದ್ದವು, ಸೆರೆಸಿಕ್ಕ ಇಬ್ಬರಲ್ಲಿ ಪರ್ವೇಜ್ ಮೆಹದಿ ಖುರೇಷಿ ಮುಂದೆ ಪಾಕ್ ವಾಯುಪಡೆಯ ಮುಖ್ಯಸ್ಥರಾದರು. 1971ರ ಡಿಸೆಂಬರ್ 14ರಂದು ಶ್ರೀನಗರದಲ್ಲಿ ಆರು ಸೇಬರ್‌ಗಳ ದಾಳಿಯ ನಡುವೆಯೇ ಮೇಲೆದ್ದು ಕಾದಾಡಿ ಮಡಿದ ನಿರ್ಮಲ್ ಜಿತ್ ಸಿಂಗ್ ಸೇಖೋಂ, ವಾಯುಪಡೆಯ ಏಕೈಕ ಪರಮವೀರ ಚಕ್ರ, 18ನೇ ಸ್ಕ್ವಾಡ್ರನ್ನಿನವರು. 1965ರಲ್ಲೇ ಚವಿಂಡಾ ಬಳಿ ಕಾದಿದ ಡೆಂಜಿಲ್ ಕೀಲರ್, ಟ್ರೆವರ್ ಅವರ ಅಣ್ಣತಮ್ಮ ನಿಜ, ಆದರೆ ಅವರು 9ನೇ ಸ್ಕ್ವಾಡ್ರನ್. ವಿಮಾನ ಒಂದೇ ಆದರೂ ಮನೆ ಬೇರೆ ಬೇರೆ. ಒಬ್ಬರ ಮನೆಯ ಹಿರಿಮೆಯನ್ನು ಇನ್ನೊಬ್ಬರ ಗೋಡೆಗೆ ತೂಗುಹಾಕಬಾರದು.

ರಿವೆಟ್‌ರಂಗ

ಮಿಗ್-21 ಬಿಸ್ ಬಂದಾಗ ನ್ಯಾಟ್ ಪೈಲಟ್‌ಗೆ ಬದಲಾದದ್ದು ಬಹಳ. ಆರ್-25 ಎಂಜಿನ್, ಆಫ್ಟರ್‌ಬರ್ನರ್ ಹಚ್ಚಿದಾಗ ನೂಕು 7,100 ಕೆಜಿ, ನ್ಯಾಟ್‌ನ ಮೂರು ಪಟ್ಟಿಗೂ ಹೆಚ್ಚು. ಶಬ್ದದ ಎರಡು ಪಟ್ಟು ವೇಗ. ಎರಡು ನಳಿಕೆಯ 23 ಮಿ.ಮೀ. ಗನ್‌ಗೆ 200 ಗುಂಡು, ಅದೂ ನಾಲ್ಕು ಸೆಕೆಂಡಿನ ಮಾತು. ಆದರೆ ಮುಖ್ಯ ಆಯುಧ ಈಗ ಕ್ಷಿಪಣಿ.

ತ್ರಿಕೋನ ರೆಕ್ಕೆಯ ತೊಂದರೆ ಇಳಿಯುವಾಗ ಕಾಣುತ್ತೆ. ನಿಧಾನ ಮಾಡಿದರೆ ಮೂಗು ಎತ್ತಬೇಕು, ಮೂಗು ಎತ್ತಿದರೆ ಎಳೆತ ಹೆಚ್ಚಿ ವಿಮಾನ ಕುಸಿಯುತ್ತೆ, ಅದಕ್ಕೆ ಥ್ರಾಟಲ್ ಕೊಡಬೇಕು. ಒಂದೇ ಎಂಜಿನ್, ಅದು ನಿಂತರೆ ಜಾರಿ ಬರುವಷ್ಟು ರೆಕ್ಕೆಯಿಲ್ಲ. ಓಡುದಾರಿಗೆ ಬರುವ ವೇಗವೇ ಗಂಟೆಗೆ 300 ಕಿ.ಮೀ. ಮೇಲೆ, ನೆಲ ಮುಟ್ಟಿದ ಮೇಲೆ ಬಾಲದ ಪ್ಯಾರಾಚೂಟ್ ಬಿಚ್ಚಲೇಬೇಕು. ಸುಲಭವಾದ ತರಬೇತಿ ಜೆಟ್‌ನಿಂದ ನೇರವಾಗಿ ಇದಕ್ಕೆ ಹುಡುಗರನ್ನು ಹತ್ತಿಸಿದ್ದು, ನಡುವೆ ಒಂದು ಮೆಟ್ಟಿಲು ಇಲ್ಲದಿದ್ದದ್ದು ದೊಡ್ಡ ಲೋಪ. ಆ ಮೆಟ್ಟಿಲಾದ ಹಾಕ್ ವಿಮಾನ ಬಂದದ್ದು 2008ರಲ್ಲಿ, ಅದರ ತರಬೇತಿ ಈಗ ನಡೆಯುವುದು ಬೀದರಿನಲ್ಲಿ.

ಬೈಸನ್ ಅಂದರೆ ಅದೇ ಒಡಲು, ಒಳಗೆ ಹೊಸ ಕಣ್ಣು: ಕೋಪ್ಯೋ ರಾಡಾರ್, ಆರ್-73, ಆರ್-77 ಕ್ಷಿಪಣಿ. ಒಟ್ಟು 125 ವಿಮಾನಕ್ಕೆ ಈ ಮಾರ್ಪಾಡು, ಬಹುತೇಕ ಕೆಲಸ ಎಚ್‌ಎಎಲ್‌ನ ನಾಸಿಕ್ ಘಟಕದಲ್ಲಿ. ರಾಡಾರ್ ಬದಲಾಯಿಸಬಹುದು, ಲೋಹದ ದಣಿವನ್ನು ಬದಲಾಯಿಸಲಾಗದು.

ಕೊಡಗಿನ_ಕೋವಿ

ಹಾಗಾದ್ರೆ ಈಗ 23ನೇ ಸ್ಕ್ವಾಡ್ರನ್ ಇಲ್ಲವೇ ಇಲ್ಲವಾ?

ಹಳೇಹ್ಯಾಂಗರ್

ವಿಮಾನವಿಲ್ಲ, ಸಂಖ್ಯೆ ಇದೆ. ಇದಕ್ಕೆ ವಾಯುಪಡೆಯಲ್ಲಿ ‘ನಂಬರ್ ಪ್ಲೇಟ್’ ಮಾಡುವುದು ಅನ್ನುತ್ತಾರೆ. ಜನರಿಗೆ ಬೇರೆ ಕಡೆ ವರ್ಗ. ಲಾಂಛನ, ಟ್ರೋಫಿ, ದಾಖಲೆ ಪುಸ್ತಕ ಜೋಪಾನವಾಗಿ ಎತ್ತಿಡುತ್ತಾರೆ. ಹೊಸ ವಿಮಾನ ಸಿಕ್ಕಾಗ ಅದೇ ಸಂಖ್ಯೆಗೆ ಮತ್ತೆ ಜೀವ. ಸೇಖೋಂ ಅವರ 18ನೇ ಸ್ಕ್ವಾಡ್ರನ್ 2016ರಲ್ಲಿ ಹೀಗೆ ಮಲಗಿ, 2020ರ ಮೇ 27ರಂದು ಸೂಲೂರಿನಲ್ಲಿ ಬೆಂಗಳೂರಿನ ತೇಜಸ್ ಹಿಡಿದು ಎದ್ದಿತು. ಛಂಬ್‌ನಲ್ಲಿ ನಾಲ್ಕು ವ್ಯಾಂಪೈರ್ ಕಳಕೊಂಡ ಆ 45ನೇ ಸ್ಕ್ವಾಡ್ರನ್ ಮೊದಲ ತೇಜಸ್ ಸ್ಕ್ವಾಡ್ರನ್ ಆಗಿ 2016ರ ಜುಲೈ 1ರಂದು ಬೆಂಗಳೂರಿನಲ್ಲೇ ಮರುಹುಟ್ಟು ಪಡೆಯಿತು. ಪ್ಯಾಂಥರ್ಸ್ ಕೂಡ ಹಾಗೆಯೇ ಏಳಬೇಕು ಅನ್ನುವುದು ನನ್ನ ಮನಸ್ಸಿನ ಮಾತು.

ನಕ್ಷೆಗಾರ್ತಿ

ಕೊನೆಗೊಂದು ಉಪಯೋಗದ ಪ್ರಶ್ನೆ. ಊರೂರಿನ ವೃತ್ತಗಳಲ್ಲಿ, ಕಾಲೇಜು ಅಂಗಳಗಳಲ್ಲಿ ನಿಲ್ಲಿಸಿರುವ ಪುಟ್ಟ ಜೆಟ್ ನ್ಯಾಟೋ ಅಜೀತೋ ಅಂತ ಗುರುತಿಸುವುದು ಹೇಗೆ, ರಂಗಣ್ಣ? ಫಲಕದಲ್ಲಿ ಬರೆದದ್ದನ್ನು ನಂಬುವ ಹಾಗಿಲ್ಲ.

ರಿವೆಟ್‌ರಂಗ

ರೆಕ್ಕೆಯ ಕೆಳಗೆ ನೋಡಿ ಅಕ್ಕ. ಬಾಂಬು, ಟ್ಯಾಂಕು ತೂಗುಹಾಕುವ ಕೊಂಡಿ, ಅಂದರೆ ಪೈಲಾನ್, ನಾಲ್ಕು ಇದ್ದರೆ ಅಜೀತ್ ಇರುವ ಸಾಧ್ಯತೆ ಹೆಚ್ಚು. ಇಲ್ಲದಿದ್ದರೆ ನ್ಯಾಟ್ ಅಂತ ತೀರ್ಮಾನಿಸಬೇಡಿ, ಪ್ರದರ್ಶನಕ್ಕೆ ಇಡುವಾಗ ಕಳಚಿರುತ್ತಾರೆ. ಹಿಂಬದಿಯ ಸಂಖ್ಯೆಯ ಫೋಟೊ ತೆಗೆಯಿರಿ. ಬಣ್ಣ ಬಳಿದು ಮುಚ್ಚಿದ್ದರೆ ಬೆಳಗಿನ ಓರೆ ಬಿಸಿಲಲ್ಲಿ ಪಕ್ಕದಿಂದ ತೆಗೆಯಿರಿ, ಹಳೇ ಅಕ್ಷರದ ಅಂಚು ಎದ್ದು ಕಾಣುತ್ತೆ. ಫೋಟೊ ಇಲ್ಲಿ ಹಾಕಿ, ಕೂತು ನೋಡೋಣ.